ಕಾವಿಗೆ ಕೂತ ರೇಡಿಯೋ

"ಅಣ್ಣಾರ, ಇಲ್ಲಿ ಹಿಂದಕ ರೇಡಿಯೋ ರಿಪೇರಿ ಮಾಡ್ತಿದ್ದ ಹಿರಿಯರೊಬ್ರು ಅದಾರಂತಲ್ಲ, ಅವರ ಮನಿ ಯಾವ ಕಡಿ ಬರ್ತೈತಿ?"

ಕಾರಿನ ಗಾಜು ಇಳಿಸಿ ನಾನು ಹೀಗೆ ಕೇಳಿದಾಗ ತೆಕ್ಕಲಕೋಟೆ ದಾಟಿ ಸಿರುಗುಪ್ಪದ ಕಡೆ ಹೊರಟವಳು ಯಾವುದೋ ಕಾಲುವೆ ಏರಿಯ ಮೇಲೆ ಸಿಕ್ಕಿಕೊಂಡಿದ್ದೆ. ಎಡಕ್ಕೂ ಭತ್ತ, ಬಲಕ್ಕೂ ಭತ್ತ. ಫೋನಿನ ನಕ್ಷೆಯ ಪ್ರಕಾರ ನಾನು ನಡುನೀರಿನಲ್ಲಿ ತೇಲುತ್ತಿದ್ದೆ. ಪ್ರವಾಸಿಗರ ಗುಂಪು ಕಟ್ಟಿಕೊಂಡು ಅರ್ಧ ಜಗತ್ತು ಸುತ್ತಿಸುವುದೇ ನನ್ನ ನೌಕರಿಯಾಗಿತ್ತು. ಇಸ್ತಾಂಬುಲ್ಲಿನ ಸಂತೆಯೊಳಗೂ ಒಬ್ಬರನ್ನೂ ಕಳೆದುಕೊಳ್ಳದೆ ಹೊರಗೆ ತಂದವಳು ನಾನು. ಹುಟ್ಟಿದ ಜಿಲ್ಲೆಯಲ್ಲಿ ಮಾತ್ರ ನನ್ನನ್ನೇ ಕಳೆದುಕೊಂಡಿದ್ದೆ.

ಇಂಥವು ನನಗೆ ಆಗುತ್ತಲೇ ಇರುತ್ತವೆ. ಹಳೇ ರೇಡಿಯೋದ ಒಂದು ಸಾಮಾನು ಹುಡುಕಿಕೊಂಡು ಮನೆ ಬಿಟ್ಟವರಿಗೆ ಆ ಸಾಮಾನೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಸಿಗುತ್ತದೆ: ಚಹಾ, ಜಗಳ, ನೆಂಟಸ್ತಿಕೆ, ಒಮ್ಮೊಮ್ಮೆ ಕೋಳಿ.

ದಾರಿ ತೋರಿಸಿದವರು

ನಾನು ದಾರಿ ಕೇಳಿದ ಮನುಷ್ಯ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು ಕಾರಿನೊಳಗೆ ಇಣುಕಿದ. ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕಿಕೊಂಡು ನಮ್ಮ ಚಿಗವ್ವನ, ಅಂದರೆ ಅವ್ವನ ತಂಗಿಯ, ರೇಡಿಯೋ ಕೂತಿತ್ತು. ಮುಂದಿನ ಸೀಟು ಖಾಲಿ ಇತ್ತು.

"ಹೇಳಿದ್ರ ತಿಳಿಯಂಗಿಲ್ರಿ ಅಕ್ಕಾರ. ಕುಂತು ತೋರಸ್ತೀನಿ," ಅಂದವನೇ ಒಂದು ಚೀಲ ಬದನೆಕಾಯಿ ಸಮೇತ ಹತ್ತಿ ಕೂತ.

ಮೊದಲು ಒಂದು ಅಕ್ಕಿ ಗಿರಣಿ ಮುಂದೆ ಕಾರು ನಿಲ್ಲಿಸಲು ಹೇಳಿ ಒಳಗೆ ಹೋಗಿ ಯಾರಿಗೋ ಬೈದು ಬಂದ. ಆಮೇಲೆ ತನ್ನ ತಂಗಿಯ ಮನೆಗೆ ಕರೆದೊಯ್ದು ಬದನೆಕಾಯಿ ಕೊಟ್ಟ. ಆಕೆ ನನಗೆ ಚಹಾ ಕೊಟ್ಟು, ಕುಂಕುಮ ಹಚ್ಚಿ, ಮಕ್ಕಳೆಷ್ಟು ಎಂದು ಕೇಳಿ, ಇಲ್ಲ ಎಂದಾಗ ಇನ್ನೊಂದು ಲೋಟ ಚಹಾ ಕೊಟ್ಟಳು. ಊರೊಳಗೆ ಒಂದೇ ಓಣಿಯಲ್ಲಿ ಮತ್ತೆ ಮತ್ತೆ ಹಾಯ್ದೆವು. ಕಡೆಗೆ ಬಸ್‌ಸ್ಟ್ಯಾಂಡ್ ಹತ್ತಿರ "ಇಲ್ಲೇ ಇಳೀತೀನ್ರಿ" ಅಂದ.

"ರೇಡಿಯೋದವರ ಮನಿ?"

"ಆಗಲೇ ಬಂತಲ್ರಿ. ನೀಲಿ ಗೇಟಿನ ಮನಿ. ಮೂರು ಸಲ ಅದರ ಮುಂದ ಹಾಯ್ಸಿದೆ."

"ಮತ್ತ ಹೇಳಬಾರದೇನು ಅಣ್ಣಾರ?"

ಆತ ಮುಖ ಸಣ್ಣದು ಮಾಡಿದ. "ಅವರು ನಮ್ಮ ಸೋದರಮಾವ ಆಗಬೇಕ್ರಿ. ಹೊಲದ ಬದುವಿನ ಸಲುವಾಗಿ ಮಾತು ಬಿಟ್ಟೀವಿ. ಅವರ ಮನಿ ಮುಂದ ನಿಂತು ನಾ ಕೈ ಮಾಡಿದ್ರ, ನಾನ ಮೊದಲು ಮಾತಾಡಿಸಿದಂಗ ಆಗ್ತೈತಿ. ನೀವಾಗೇ ಗುರ್ತು ಹಿಡೀಲಿ ಅಂತಲೇ ಅಷ್ಟು ಸಲ ಹಾಯ್ಸಿದ್ದು. ನೀವು ಒಂದು ಸಲಾನೂ ಆ ಕಡಿ ನೋಡ್ಲಿಲ್ಲ, ತಪ್ಪು ನಿಮ್ಮದ ಐತಿ!"

ಡಾಕ್ಟರ ಪ್ರಶ್ನೆ

ನೀಲಿ ಗೇಟು ತೆರೆಯುವ ಮುಂಚೆ, ನಾನು ಯಾಕೆ ಹೀಗೆ ಅಲೆಯುತ್ತಿದ್ದೆ ಎಂಬುದನ್ನು ಹೇಳಿಬಿಡಬೇಕು.

ನಮ್ಮ ಚಿಗವ್ವ ಬಳ್ಳಾರಿಯಲ್ಲಿ ನನ್ನ ಜೊತೆಗೇ ಇರುತ್ತಾಳೆ. ರಿಟೈರಾದ ಸಾಲಿ ಮಾಸ್ತರಿಣಿ. ಅವಳ ಬಲಗಣ್ಣಿನ ಒಳಪರದೆಯಲ್ಲಿ ಸಣ್ಣ ತೂತು ಬಿದ್ದಿದೆ, ಆಪರೇಷನ್ ಆಗಲೇಬೇಕು ಅಂದರು ಡಾಕ್ಟರು. ಎಡಗಣ್ಣು ಮೊದಲಿನಿಂದಲೂ ಮಂದ. "ಈ ತಿಂಗಳ ಒಳಗ ಮಾಡಿಸ್ರಿ. ತಡ ಆದ್ರ ಆ ಕಣ್ಣಿನ ಆಸೆ ಬಿಡಬೇಕಾಗ್ತದ. ಆದ ಮೇಲೆ ಒಂದು ವಾರ ಬೋರಲು ಮಲಗಬೇಕು. ಮಕ ನೆಲದ ಕಡೆನೇ ಇರಬೇಕು."

"ಬೋರಲು ಬಿದ್ಕೊಂಡು ಟಿವಿ ಹೆಂಗ ನೋಡ್ಲಿ?" ಅಂದಳು ಚಿಗವ್ವ.

"ನೋಡಂಗಿಲ್ಲಮ್ಮ."

"ಹಂಗಾರ ನನ್ನ ರೇಡಿಯೋ ರೆಡಿ ಆದ ಮ್ಯಾಲೆ ಬರ್ತೀನಿ," ಅಂತ ಎದ್ದೇಬಿಟ್ಟಳು.

ಅವಳ ರೇಡಿಯೋ ಅಂದರೆ ಮೊದಲ ಸಂಬಳಗಳನ್ನು ಕೂಡಿಸಿ ಕೊಂಡ, ಮರದ ಪೆಟ್ಟಿಗೆಯ, ವಾಲ್ವಿನ ರೇಡಿಯೋ. ವಾಲ್ವು ಅಂದರೆ ಹೆಬ್ಬೆರಳು ಗಾತ್ರದ ಗಾಜಿನ ಬುರುಡೆ. ಅದು ಒಳಗೆ ಕೆಂಪಗೆ ಕಾದ ಮೇಲೇ ರೇಡಿಯೋ ಮಾತಾಡುವುದು. ಅದು ಸುಮ್ಮನಾಗಿ ವರ್ಷಗಳೇ ಆಗಿದ್ದವು. ನಾನು ಹೊಸ ರೇಡಿಯೋ ತಂದೆ. ಕೈಯಲ್ಲಿ ತೂಗಿ ನೋಡಿ, "ಹಪ್ಪಳ ಹಿಡಿದಂಗ ಐತಿ" ಎಂದು ತಿರುಗಿ ಕೊಟ್ಟಳು. ಫೋನಿನಲ್ಲಿ ಹಾಡು ಹಾಕಿಕೊಟ್ಟೆ. "ಇದು ಏನು ಬೇಕು, ಏನು ಬೇಕು ಅಂತ ನನ್ನನ್ನ ಕೇಳತೈತಿ. ನನಗೇನು ಗೊತ್ತು? ರೇಡಿಯೋ ಹಂಗಲ್ಲ. ಅದು ತನಗ ತಿಳಿದದ್ದು ಹೇಳತೈತಿ, ನಾನು ಬೈತೀನಿ. ಇಬ್ಬರಿಗೂ ಹೊತ್ತು ಹೋಗತೈತಿ."

ಊರೂರು ತಿರುಗುವ ಕಾಲು ಮನೆಯಲ್ಲಿ ನಿಲ್ಲಲಿ ಎಂದು ನಾನು ರಿಟೈರಾದ ಮೇಲೆ ಹಳೇ ರೇಡಿಯೋ ಬಿಚ್ಚಿ ಜೋಡಿಸುವುದನ್ನು ಕಲಿತಿದ್ದೆ. ಆ ಕಲಿಕೆಯೇ ಈಗ ಕುತ್ತಿಗೆಗೆ ಬಂತು. ವಾರ ಕಳೆಯಿತು. ಡಾಕ್ಟರೇ ಫೋನ್ ಮಾಡಿದರು. ಚಿಗವ್ವನನ್ನು ಯಾವಾಗ ಕರೆತರುತ್ತೀರಿ ಎಂದು ಕೇಳಿ ಕೇಳಿ ಅವರಿಗೂ ಸಾಕಾಗಿತ್ತು.

"ಮೇಡಂ," ಅಂದರು, "ರೇಡಿಯೋಕ್ಕ ಆಪರೇಷನ್ ಯಾವಾಗ ಇಟ್ಕೊಂಡೀರಿ?"

ಬಾಗಿಲ ತೋರಣ

ನೀಲಿ ಗೇಟಿನ ಮನೆಯ ಹಿರಿಯರು ಅಂಗಡಿ ಮುಚ್ಚಿ ಬಹಳ ಕಾಲವಾಗಿತ್ತು. ರೇಡಿಯೋದ ಹಿಂಬದಿ ಬಿಚ್ಚಿ ನೋಡಿ, "ವಾಲ್ವು ಹೋಗೈತಿ. ನನ್ನ ಹತ್ರ ಅದಾವು. ಆದ್ರ ಈಗ ನನ್ನ ಕೈಯಾಗ ಇಲ್ಲ," ಅಂದು ಗೋಣೆತ್ತಿ ಬಾಗಿಲ ಮೇಲೆ ನೋಡಿದರು.

ನಾನೂ ನೋಡಿದೆ. ಬಾಗಿಲಿಗೆ ಮಣಿ ತೋರಣ. ಕೆಂಪು ಮಣಿ, ಹಸಿರು ಮಣಿ, ನಡುನಡುವೆ ಒಂದೊಂದು ವಾಲ್ವು ಕುತ್ತಿಗೆಗೆ ದಾರ ಬಿಗಿಸಿಕೊಂಡು ಮಾವಿನೆಲೆಯ ಹಾಗೆ ಜೋತಾಡುತ್ತಿತ್ತು.

"ಡಬ್ಬಿ ತುಂಬ ಮೂಲ್ಯಾಗ ಬಿದ್ದಿದ್ವು," ಅಂದರು ಅವರ ಹೆಂಡತಿ, ಹೆಮ್ಮೆಯಿಂದ. "ಇವರು ಮಾರಂಗಿಲ್ಲ, ಒಗಿಯಂಗಿಲ್ಲ. ನಾನು ಕೆಲಸಕ್ಕ ಹಚ್ಚಿದೆ."

ಯಾವುದು ನಮಗೆ ಬೇಕಾದ ವಾಲ್ವು? ಗಾಜಿನ ಮೇಲಿನ ನಂಬರು ನೋಡಿ ಹೇಳಬಹುದಿತ್ತು. ಆದರೆ ಆಯಮ್ಮ ಹಬ್ಬಕ್ಕೊಮ್ಮೆ ಸೋಪಿನ ನೀರಿನಲ್ಲಿ ತೊಳೆದು ನಂಬರುಗಳನ್ನು ಸ್ವಚ್ಛ ಮಾಡಿದ್ದರು. ಒಂದೊಂದೇ ಹಾಕಿ ನೋಡುವುದೇ ದಾರಿ. ದಾರ ಬಿಚ್ಚಲು ಹಿರಿಯರು ಕೈ ಎತ್ತಿದರೋ ಇಲ್ಲವೋ, "ಮುಟ್ಟಿದ್ರ ನೋಡ್ರಿ!" ಎಂದರು ಆಯಮ್ಮ. "ಮಗಳು ಬಾಣಂತನಕ್ಕ ಬಂದಾಳ. ಕೂಸು ತೊಟ್ಟಿಲಿಗೆ ಹಾಕೋ ತನಕ ತೋರಣ ಬಿಚ್ಚಂಗಿಲ್ಲ. ಯಾವುದು ಬೇಕು ಅಂತ ಮೊದಲು ಹೇಳ್ರಿ, ಅದೊಂದು ಬಿಚ್ಚಿ ಕೊಡ್ತೀನಿ."

ವಾಲ್ವು ರೇಡಿಯೋ ಹತ್ತಿರ ಬರದಿದ್ದರೆ ರೇಡಿಯೋವೇ ವಾಲ್ವಿನ ಹತ್ತಿರ ಹೋಗಬೇಕು. ಹೊಸ್ತಿಲ ಮೇಲೆ ಮೇಜು, ಮೇಜಿನ ಮೇಲೆ ಸ್ಟೂಲು, ಸ್ಟೂಲಿನ ಮೇಲೆ ರೇಡಿಯೋ. ನಾನು ಹಿಡಿದುಕೊಂಡೆ, ಹಿರಿಯರು ಕುರ್ಚಿ ಹತ್ತಿ ನಿಂತು ಜೋತಾಡುವ ವಾಲ್ವುಗಳನ್ನು ಒಂದೊಂದಾಗಿ ಸಿಕ್ಕಿಸುತ್ತ ಹೋದರು. ಪ್ರತಿ ಸಲವೂ ಅದು ಕಾಯುವ ತನಕ ಎಲ್ಲರೂ ಉಸಿರು ಹಿಡಿದು ತಲೆ ಎತ್ತಿ ನಿಲ್ಲುವುದು. ಓಣಿಯ ಹೆಣ್ಣುಮಕ್ಕಳು ಸೇರಿದರು. ಒಬ್ಬಾಕೆ ಚಪ್ಪಲಿ ಬಿಟ್ಟು ಕೈಮುಗಿದು, ಇದು ಯಾವ ಪೂಜೆ ಎಂದು ಕೇಳಿದಳು.

ಆ ತುದಿಯ ವಾಲ್ವಿಗೆ ರೇಡಿಯೋ ಜೀವ ತಳೆಯಿತು. "ಧಾರವಾ..." ಅಂದಿತು. ಆಮೇಲೆ ಚಿಟ್ ಅಂತ ಸದ್ದು, ಸುಟ್ಟ ವಾಸನೆ. ಹಿರಿಯರು ಕೆಳಗಿಳಿದು ಕೂತರು. "ವಾಲ್ವು ಪಾಸಾತು. ಸ್ಪೀಕರು ತಡೀಲಿಲ್ಲ. ಇದ ಕಂಪನಿದು, ಇದ ಮಾಡಲ್ಲಿನ ಸ್ಪೀಕರ್ ಹುಡುಕ್ರಿ."

ವಾಲ್ವು ಬಿಚ್ಚಿದ ಜಾಗ ಬೋಳಾಯಿತು, ಹಲ್ಲು ಉದುರಿದ ಬಾಯಿಯ ಹಾಗೆ. ಆಯಮ್ಮ ನನ್ನ ಕೈಯನ್ನೇ ನೋಡುತ್ತಿದ್ದರು. ಕಾರಿನ ಕೀಲಿಗೆ ಪ್ಯಾರಿಸ್ಸಿನಿಂದ ತಂದ ಪುಟ್ಟ ಕಬ್ಬಿಣದ ಟವರ್ ಸಿಕ್ಕಿಸಿಕೊಂಡಿದ್ದೆ. ಅದನ್ನು ಬಿಚ್ಚಿ ಕೊಟ್ಟೆ. ತೋರಣದ ತುದಿಗೆ ಅದು ಒಪ್ಪಿ ಕೂತಿತು.

ಹೋದ ತಿಂಗಳು ಹಿರಿಯರು ಫೋನ್ ಮಾಡಿದ್ದರು. ಓಣಿಯವರೆಲ್ಲ ಈಗ ಅವರ ಬಾಗಿಲಿಗೇ ಬಂದು ನಿಂತು ಫೋನಿನಲ್ಲಿ ಮಾತಾಡುತ್ತಾರಂತೆ. ಟವರ್ ಕಟ್ಟಿದ ಮೇಲೆ ಅಲ್ಲಿ ನೆಟ್‌ವರ್ಕ್ ಬಹಳ ಚಲೋ ಸಿಗುತ್ತದಂತೆ!

ಎಷ್ಟು ಹಳೇದು ಬೇಕು?

ಮೊದಲು ಬೇರೆ ಕಂಪನಿಯ ಸ್ಪೀಕರ್ ಹಾಕಿ ನೋಡಿದೆ. ರೇಡಿಯೋ ಚೆನ್ನಾಗಿಯೇ ಹಾಡಿತು. ಚಿಗವ್ವ ಗಲ್ಲಕ್ಕೆ ಕೈ ಹಚ್ಚಿ ಕೇಳಿ, "ಇವರು ಬ್ಯಾರೆ ಯಾರೋ ಮಾತಾಡಾಕತ್ಯಾರ. ನಮ್ಮ ಮನಿಯವರಲ್ಲ" ಅಂದಳು. ತೆಗೆದೆ.

ಕೌಲ್‌ಬಜಾರಿನ ಗುಜರಿ ಅಂಗಡಿಗೆ ಹೋದೆ. ಅಂಗಡಿಯ ಸಾಹೇಬರು ನನಗೆ ಹಳೇ ಪರಿಚಯ. ಹಿಂದೆಲ್ಲ ನಾನು ಹೋದರೆ "ಆ ರಾಶಿಯಾಗ ನೋಡ್ಕೊರಿ" ಅನ್ನುತ್ತಿದ್ದವರು ಈ ಸಲ ಕುರ್ಚಿ ಒರೆಸಿ ಕೂರಿಸಿದರು. ಬೆಂಗಳೂರಿನ ದೊಡ್ಡ ಹೋಟೆಲಿನವರು ಬಂದು ಅಲಂಕಾರಕ್ಕೆಂದು ತುಕ್ಕು ಹಿಡಿದ ಸಾಮಾನು ಲಾರಿಗಟ್ಟಲೆ ಕೊಂಡೊಯ್ದ ಮೇಲೆ ಅವರಿಗೆ ಹಳೇದರ ಮರ್ಯಾದೆ ತಿಳಿದಿತ್ತು.

"ಅಸಲಿ ಬೇಕಾ ಆಪಾ?"

"ಅಸಲಿನೇ ಬೇಕು ಸಾಹೇಬರ. ಹಳೇದು."

ಅವರು ಕಪಾಟಿನಿಂದ ಒಂದು ಸ್ಪೀಕರ್ ತೆಗೆದರು. ಮೈತುಂಬ ತುಕ್ಕು, ಧೂಳು, ಜೇಡರ ಬಲೆ. ಸಿಕ್ಕೇಬಿಟ್ಟಿತು ಅಂದುಕೊಂಡೆ. ತಿರುಗಿಸಿ ನೋಡಿದರೆ ಹಿಂದೆ ಕ್ಯೂಆರ್ ಕೋಡಿನ ಚೀಟಿ ಅಂಟಿದೆ!

"ಸಾಹೇಬರ, ಇದು ಹೊಸದು."

ಅವರೇನೂ ನಾಚಲಿಲ್ಲ. ಉಪ್ಪಿನ ನೀರು, ಚಹಾಪುಡಿ, ಒಂದಿಷ್ಟು ಗಣಿ ಧೂಳು, ಎಲ್ಲ ಬಳ್ಳಾರಿಯಲ್ಲೇ ಸಿಗುತ್ತದೆ ಎಂದು ವಿವರಿಸಿದರು. "ನಿಮಗ ಎಷ್ಟು ಹಳೇದು ಬೇಕು ಹೇಳ್ರಿ ಆಪಾ. ಮುಂಜಾನಿ ಆರ್ಡರ್ ಕೊಟ್ರ ಸಂಜಿಕ ನಿಮ್ಮ ಅಜ್ಜನ ಕಾಲದ್ದು ಮಾಡಿ ಕೊಡ್ತೀವಿ!"

ನಾನು ಕೈಮುಗಿದು ಎದ್ದೆ. ನನ್ನ ಮುಖ ನೋಡಿ ಅವರಿಗೂ ಕೆಡುಕೆನಿಸಿರಬೇಕು. ಚಿಗವ್ವನ ಕಣ್ಣಿನ ಕಥೆ ಕೇಳಿ, ರೇಡಿಯೋದ ಫೋಟೋ ನೋಡಿ, "ಇಂಥಾದ ಒಂದು ಕುರುಗೋಡಿನಾಗ ನೋಡೀನಿ," ಎಂದು ಮನೆಯ ಗುರುತು ಹೇಳಿದರು. "ಒಂದು ಮುದುಕಿ. ನಾ ಎರಡು ಸಲ ಹೋಗಿ ಕೇಳಿದೆ. ಕೊಡಂಗಿಲ್ಲ, ಬಳಕಿಯಾಗ ಐತಿ ಅಂದ್ರು."

ಬಳಕಿಯಾಗ ಐತಿ

ಬಳಕೆಯಲ್ಲಿದೆ ಅಂದರೆ ಇನ್ನೂ ಹಾಡುತ್ತಿದೆ ಅಂತಲೇ ನಾನು ತಿಳಿದೆ. ಕುರುಗೋಡಿನ ಗುಡ್ಡ ಕಣ್ಣಿಗೆ ಬಿದ್ದಾಗಿನಿಂದ ಕಿವಿಯನ್ನು ಕಾರಿನ ಹೊರಗೇ ಇಟ್ಟಿದ್ದೆ.

ಅಜ್ಜಿ ಜೋಳ ಹಸನು ಮಾಡುತ್ತ ಕೂತಿದ್ದಳು. "ರೇಡಿಯೋ ಏನವಾ? ಅಲ್ಲೈತಿ ನೋಡು," ಎಂದು ದನದ ಕೊಟ್ಟಿಗೆ ಕಡೆ ಮೊರ ತೋರಿಸಿದಳು.

ಅದೇ ಕಂಪನಿ, ಅದೇ ಮಾಡಲ್. ಹಿಂಬದಿ ನನ್ನ ಕಡೆಗೆ ತಿರುಗಿತ್ತು. ಮುಚ್ಚಳ ಇರಲಿಲ್ಲ. ಒಳಗೆ ಹುಲ್ಲು, ಹುಲ್ಲಿನ ಮೇಲೆ ಒಂದು ಕಪ್ಪು ಕೋಳಿ ಮೈ ಉಬ್ಬಿಸಿಕೊಂಡು ಕಾವಿಗೆ ಕೂತು ನನ್ನನ್ನೇ ನೋಡುತ್ತಿತ್ತು.

"ಒಳಗಿಂದೆಲ್ಲ ಇಲಿ ತಿಂದ್ವು. ತಗದು ಒಗದೆ. ಸ್ಪೀಕರ್ ಒಂದು ಬರಲಿಲ್ಲ, ತುಕ್ಕು ಹಿಡದೈತಿ."

"ಅದ ನನಗ ಬೇಕು ಅವ್ವಾರ!"

"ತಗೋ. ಆದ್ರ ಕೋಳಿ ಎಬ್ಬಸಂಗಿಲ್ಲ. ಪೆಟ್ಟಿಗಿ ಅಲುಗಸಂಗಿಲ್ಲ. ಕಾವು ಕೆಟ್ರ ತತ್ತಿ ಎಲ್ಲ ಹೋಗ್ತಾವು."

"ಮತ್ತ ಮರಿ ಆಗೋತನಕ ಕಾಯಬೇಕೇನು?"

ಹಾಗೆ ಕಾದರೆ ಡಾಕ್ಟರು ಕೊಟ್ಟ ಗಡುವು ದಾಟುತ್ತಿತ್ತು. ಚಿಗವ್ವನ ಕಣ್ಣಿನ ವಿಷಯ ಹೇಳಿದೆ. ಅಜ್ಜಿ ಮೊರ ಕೆಳಗಿಟ್ಟು ಯೋಚಿಸಿದಳು. "ದಿನಕ್ಕೊಮ್ಮೆ ಅದು ತಾನಾಗೇ ಎದ್ದು ಕಾಳು ತಿನ್ನಾಕ, ನೀರು ಕುಡಿಯಾಕ ಹೋಗತೈತಿ. ಮಣ್ಣಾಗ ಒಂದೀಟು ಹೊರಳಾಡಿ ಬರತೈತಿ. ಅಷ್ಟರಾಗ ಎಷ್ಟು ಬರತೈತೋ ಬಿಚ್ಕೋ."

ಸ್ಪೀಕರಿಗೆ ನಾಲ್ಕು ಸ್ಕ್ರೂ. ತುಕ್ಕು ಹಿಡಿದದ್ದಕ್ಕೆ ದಿನಕ್ಕೊಂದು ಬಿಚ್ಚುವಷ್ಟೇ ಹೊತ್ತು. ವೀಸಾ ಆಫೀಸುಗಳ ಮುಂದೆ ನಾನು ಜೀವಮಾನವಿಡೀ ಕಾದಿದ್ದೇನೆ. ಒಂದು ಕೋಳಿಯ ಊಟದ ಬಿಡುವಿಗೆ ಕಾದದ್ದು ಇದೇ ಮೊದಲು. ದಿನಾ ಬೆಳಿಗ್ಗೆ ಬಳ್ಳಾರಿಯಿಂದ ಹೊರಟು, ಅಜ್ಜಿಯ ರೊಟ್ಟಿ, ಪುಂಡಿಪಲ್ಯ ತಿಂದು, ಸ್ಕ್ರೂಡ್ರೈವರ್ ಹಿಡಿದು ಮರೆಯಲ್ಲಿ ಕೂರುವುದು. ಕೋಳಿ ಎದ್ದ ಕೂಡಲೆ "ಹೂಂ, ಓಡು!" ಎಂದು ಅಜ್ಜಿ ಕೂಗುವಳು. ನಾನು ಓಡಿ ಪೆಟ್ಟಿಗೆಯೊಳಗೆ ತಲೆ ಹಾಕುವುದು. "ಬಂತು, ಬಂತು!" ಎಂದರೆ ತಲೆ ಹೊರಗೆ. ಮೂರನೇ ದಿನ ಅಜ್ಜಿ ಹೇಳುವುದು ತಡವಾಗಿ, ಕೋಳಿ ನನ್ನ ಬೆನ್ನು ಹತ್ತಿ ಕುಕ್ಕಿತು. "ಬಿಡವಾ, ಅದಕ್ಕೂ ನಿನ್ನ ಗುರ್ತು ಆಗೈತಿ," ಎಂದು ನಕ್ಕಳು ಅಜ್ಜಿ.

ಕೊನೆಯ ಸ್ಕ್ರೂ ಬಂದೇಬಿಟ್ಟಿತು. ಸ್ಪೀಕರ್ ಎದೆಗೆ ಅವಚಿಕೊಂಡೆ. ಆ ಸಂಭ್ರಮದಲ್ಲಿ ಸ್ಕ್ರೂಡ್ರೈವರ್ ಕೈಜಾರಿ ತತ್ತಿಗಳ ಮೇಲೆ ಬಿತ್ತು. ಒಂದು ಒಡೆಯಿತು.

ಅಜ್ಜಿ ಬಗ್ಗಿ ನೋಡಿದಳು. "ನನಗ ಒಂದು ಮರಿ ಬರಬೇಕು ನಿನ್ನಿಂದ," ಅಂದಳು.

ನಾನು ಗಡಿಬಿಡಿಯಿಂದ ಪರ್ಸು ತೆಗೆದೆ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಕೋಳಿ ಕೆಳಗ ಇಟ್ರ ರೊಕ್ಕ ಮರಿ ಆಗತೈತೇನು? ಮರಿ ಅಂದ್ರ ಮರಿ. ಈಗ ಬ್ಯಾಡ, ನಿಮ್ಮ ಚಿಗವ್ವನ ಕಣ್ಣು ನೋಡ್ಕೋ. ಮುಂದಿನ ಸಲ ಇದು ಕಾವಿಗೆ ಕುಂತು ಮರಿ ಮಾಡಿದಾಗ ಹೇಳಿ ಕಳಸ್ತೀನಿ, ಆಗಷ್ಟೇ ತತ್ತಿ ಒಡದು ಬಂದದ್ದು ತರಬೇಕು. ದೊಡ್ಡದು ತಂದ್ರ ಕೋಳಿ ಸೇರಿಸಂಗಿಲ್ಲ. ಮತ್ತ ನಾಟಿದ ಬೇಕು. ಫಾರಂದು ತಂದ್ರ ನಾನೂ ಸೇರಿಸಂಗಿಲ್ಲ."

ಅದೇ ಹುಳ

ಸ್ಪೀಕರ್ ಕೂಡಿಸಿ, ತಂತಿ ಬೆಸೆದು, ಸ್ವಿಚ್ ಒತ್ತಿದೆ. ಚಿಗವ್ವ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತಳು. ಮೊದಲು ಏನೂ ಇಲ್ಲ. ವಾಲ್ವುಗಳು ಮೆಲ್ಲಗೆ ಕೆಂಪಾದವು. ಬರ್ ಅಂತ ಸದ್ದಾಯಿತು, ಆಮೇಲೆ ಗಂಟಲು ಸರಿಮಾಡಿಕೊಂಡಂತೆ ಒಂದು ಗಂಡುದನಿ ತುಂಬು ಗಾಂಭೀರ್ಯದಿಂದ ಹತ್ತಿಗೆ ಬೀಳುವ ಕಾಯಿಕೊರಕ ಹುಳದ ಬಗ್ಗೆ ಮಾತಾಡತೊಡಗಿತು.

ಚಿಗವ್ವನ ಮುಖ ಅರಳಿತು. "ಇದ ದನಿ! ಕೆಟ್ಟು ನಿಂತಾಗೂ ಇದ ಹುಳದ ವಿಷಯ ಹೇಳಾಕತ್ತಿತ್ತು. ಇಷ್ಟು ವರ್ಷ ಆದ್ರೂ ಒಂದು ಹುಳ ಸಾಯಿಸಾಕ ಆಗಿಲ್ಲೇನು ಇವರಿಗೆ?"

ಮರುದಿನವೇ ಆಸ್ಪತ್ರೆಗೆ ಬಂದಳು. ಆಪರೇಷನ್ ಗಡುವಿನೊಳಗೇ ಮುಗಿಯಿತು. ಮನೆಗೆ ಬಂದು ಬೋರಲು ಮಲಗಿ, ತಲೆಯ ಹತ್ತಿರ ರೇಡಿಯೋ ಇಟ್ಟುಕೊಂಡು, ಮುಂಜಾನೆಯಿಂದ ಸಂಜೆಯವರೆಗೆ ನೆಲ ನೋಡುತ್ತ ಅದಕ್ಕೆ ಬೈದಳು. ನಾನು ಅಡಿಗೆ ಮನೆಯಲ್ಲಿ ಒಗ್ಗರಣೆ ಮಂಡಕ್ಕಿ ಕಲಸುತ್ತ ಕೇಳುತ್ತಿದ್ದೆ. ಅವಳು ಬೈಯುವಷ್ಟು ಹೊತ್ತೂ ನನಗೆ ಚಿಂತೆ ಇರಲಿಲ್ಲ.

ಕಣ್ಣು ತಿಳಿಯಾಗಲು ವಾರಗಳೇ ಬೇಕಾದವು. ಒಂದು ಬೆಳಿಗ್ಗೆ ಚಹಾ ಕೊಡಲು ಬಗ್ಗಿದಾಗ ನನ್ನ ಮುಖವನ್ನು ಕೈಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ, ಬಹಳ ಹೊತ್ತು ನೋಡಿದಳು.

"ಯವ್ವಾ! ಎಷ್ಟು ಮುದುಕಿ ಆಗೀಯಲ್ಲೇ ನೀನು! ಗೊತ್ತಿದ್ರ ಆಪರೇಷನ್ ಮಾಡಿಸ್ಕೋತಿರಲಿಲ್ಲ."

ಬೈಸಿಕೊಂಡು ಅಷ್ಟು ಖುಷಿಯಾದದ್ದು ನನಗೆ ನೆನಪಿಲ್ಲ.

ಮುಟ್ಟಿದ ಮರಿ

ಅದಾಗಿ ಕೆಲವು ತಿಂಗಳಿಗೆ ಕುರುಗೋಡಿನಿಂದ ಫೋನು. "ಮರಿ ಆಗ್ಯಾವು. ನಿನ್ನೆ ಒಡದ್ವು. ನನ್ನದು ಯಾವಾಗ ತರ್ತೀ?"

ಮತ್ತೆ ಅಸಲಿ ಸಾಮಾನಿನ ಹುಡುಕಾಟ. ಬಜಾರಿನಲ್ಲಿ ಮರಿ ಮಾರುವವನು ಬುಟ್ಟಿ ತೆರೆದು, "ಗುಲಾಬಿ ಬೇಕ್ರಾ, ಹಸಿರು ಬೇಕ್ರಾ?" ಅಂದ. ಬಣ್ಣ ಹಚ್ಚಿದ ಫಾರಂ ಮರಿಗಳು. ಕುಡತಿನಿಯಲ್ಲಿ ಒಬ್ಬರ ಹತ್ತಿರ ಇದ್ದವು, ಆದರೆ ವಾರ ತುಂಬಿದವು. ಕಡೆಗೆ ಹಲಕುಂದಿಯಲ್ಲಿ ಆ ದಿನವೇ ತತ್ತಿ ಒಡೆದು ಬಂದ ಒಂದು ನಾಟಿ ಮರಿ ಸಿಕ್ಕಿತು. ಚಿಗವ್ವ ಅದನ್ನು ಸೆರಗಿನಲ್ಲಿ ಸುತ್ತಿ ತೊಡೆ ಮೇಲೆ ಇಟ್ಟುಕೊಂಡು ಕಾರು ಹತ್ತಿದಳು. ಕುರುಗೋಡು ಬರುವ ತನಕ ದಾರಿಯ ಪಕ್ಕದ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದಿದಳು. ಪಂಕ್ಚರ್ ಅಂಗಡಿಯವನು ಮಾಡಿದ ಕಾಗುಣಿತದ ತಪ್ಪುಗಳನ್ನೂ ಬಿಡಲಿಲ್ಲ.

ಹೊತ್ತು ಇಳಿಯುತ್ತಿತ್ತು. "ಮಬ್ಬಾಗಲಿ," ಅಂದಳು ಅಜ್ಜಿ. "ಮಬ್ಬಿನಾಗ ಸೇರಿಸಿದ್ರ ಅದಕ್ಕ ಲೆಕ್ಕ ಹತ್ತಂಗಿಲ್ಲ."

ಕೋಳಿ ತನ್ನ ರೇಡಿಯೋದೊಳಗೆ ರೆಕ್ಕೆ ಅಗಲಿಸಿ ಕೂತಿತ್ತು. ನಾನು ಮರಿಯನ್ನು ಅಂಗೈಯಲ್ಲಿ ಹಿಡಿದು ಹಿಂದಿನಿಂದ ಮೆಲ್ಲಗೆ ಜಾರಿಸಿದೆ. ಕೋಳಿ ಗೋಣು ತಿರುಗಿಸಿತು. ಹೊಸ ಮರಿಯನ್ನು ಒಂದು ಸಲ, ನನ್ನನ್ನು ಒಂದು ಸಲ ನೋಡಿತು. ಕುಕ್ಕಿ ಹೊರಗೆ ಹಾಕಿದರೆ? ಕೋಳಿ ಕೊರ್ ಕೊರ್ ಅಂದು, ರೆಕ್ಕೆ ಎತ್ತಿ, ಮರಿಯನ್ನು ಒಳಗೆ ಹಾಕಿಕೊಂಡು, ಮೈ ಉಬ್ಬಿಸಿ ಕೂತಿತು.

"ಮುಟ್ಟಿತು," ಅಂದಳು ಅಜ್ಜಿ. "ನನ್ನ ಮರಿ ನನಗ ಬಂತು."

ನಾನು ಹಾಯೆಂದು ಉಸಿರು ಬಿಟ್ಟು ಕಟ್ಟೆಯ ಮೇಲೆ ಕೂತೆ. ಅಷ್ಟರಲ್ಲಿ ರೆಕ್ಕೆಯ ಸಂದಿನಿಂದ ಪುಟ್ಟ ಪುಟ್ಟ ತಲೆಗಳು ಇಣುಕಿದವು. ಎಲ್ಲವೂ ಕಪ್ಪು, ಎಲ್ಲವೂ ಒಂದೇ ಥರ.

"ನೀ ತಂದದ್ದು ಯಾವುದು ಇವುಗಳಾಗ?" ಅಂದಳು ಅಜ್ಜಿ ಕಣ್ಣು ಕಿರಿದು ಮಾಡಿ.

ನನಗೂ ತಿಳಿಯಲಿಲ್ಲ. ದೂರದ ಹೊರಸಿನ ಮೇಲೆ ಕೂತಿದ್ದ ಚಿಗವ್ವ ಎದ್ದೂ ಬರಲಿಲ್ಲ. "ಬಲಗಡಿಂದ ಎರಡನೇದು," ಅಂದಳು. "ನೆತ್ತಿ ಮ್ಯಾಲೆ ಸಾಸಿವಿ ಕಾಳಿನಷ್ಟು ಬಿಳಿ ಚುಕ್ಕಿ ಐತಿ ನೋಡ್ರಿ."

ಅಜ್ಜಿ ಆ ಮರಿಯನ್ನು ಹಿಡಿದು ಮೂಗಿನ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದಳು. ಚುಕ್ಕೆ ಇತ್ತು. ಮರಿಯನ್ನು ತಾಯಿಯ ಕೆಳಗೆ ಬಿಟ್ಟು, ಚಿಗವ್ವನ ಪಕ್ಕಕ್ಕೆ ಹೋಗಿ ಕೂತಳು.

"ನನಗೂ ಈಗೀಗ ಕಣ್ಣು ಮಂಜು ಮಂಜು ಆಗ್ಯಾವು ನೋಡ್ರಿ ಅಕ್ಕಾರ. ಯಾವ ಡಾಕ್ಟರಿಗೆ ತೋರಿಸಿದ್ರಿ?"

"ಡಾಕ್ಟರು ಎಲ್ಲಿಗೂ ಓಡಿ ಹೋಗಂಗಿಲ್ಲ," ಅಂದಳು ಚಿಗವ್ವ, ಎಲ್ಲ ತಿಳಿದವಳ ಗತ್ತಿನಲ್ಲಿ. "ಮೊದಲು ನಿಮ್ಮ ರೇಡಿಯೋ ರಿಪೇರಿ ಮಾಡಿಸ್ರಿ."

ಅಜ್ಜಿ ತನ್ನ ರೇಡಿಯೋ ಕಡೆ ನೋಡಿದಳು. ಒಳಗಿನಿಂದ ಕೋಳಿ ನನ್ನ ಕಡೆ ನೋಡಿತು.